ಎಪ್ಪತ್ತು ಪೌಂಡು ಗಾಳಿ

"ಎಲ್ಲಿ ಓಡಿಸ್ತೀರಮ್ಮ?" ಎಂದು ಸೈಕಲ್ ಅಂಗಡಿಯ ಯಜಮಾನ ಕೇಳಿದಾಗಲೇ ಅವಳ ಕಿವಿ ನೆಟ್ಟಗಾಯಿತು.

ಕೊಳ್ಳಲು ಬಂದವರನ್ನು ಎಷ್ಟರದ್ದು ಬೇಕು, ಯಾವ ಬಣ್ಣದ್ದು ಬೇಕು ಎಂದು ಕೇಳುವುದು ಬಿಟ್ಟು, ಎಲ್ಲಿಗೆ ಹೋಗುತ್ತೀರಿ ಎಂದು ಕೇಳುವವನನ್ನು ಏನೆಂದು ತಿಳಿಯುವುದು? ಅವಳು ಅಂಗಡಿಯೊಳಗೆ ಒಮ್ಮೆ ಕಣ್ಣಾಡಿಸಿದಳು. ಕೊಕ್ಕೆಗಳಿಗೆ ನೇತುಹಾಕಿದ ಚಕ್ರಗಳು, ಗ್ರೀಸು ಮೆತ್ತಿದ ಮೇಜು, ಗೋಡೆಗೆ ಒರಗಿಸಿದ ಏಳೆಂಟು ಸೈಕಲ್ಲುಗಳು. ಬೇರೆ ಯಾರೂ ಇರಲಿಲ್ಲ.

"ಪಾರ್ಕಿನಲ್ಲಿ," ಎಂದಳು. "ವ್ಯಾಯಾಮಕ್ಕೆ."

ಹಾಗಾದರೆ ಇದು ಸಾಕು ಎಂದು ಅವನು ತೆಳುಟೈರಿನ ಒಂದನ್ನು ಮುಂದಕ್ಕೆ ಎಳೆದ. ಅವಳು ತಡವರಿಸಿದಳು. ಬರೀ ಪಾರ್ಕಲ್ಲ, ಬೇರೆ ದಾರಿಯಲ್ಲೂ ಹೋಗಬೇಕಾಗಬಹುದು ಎಂದಳು. ಎಂಥ ದಾರಿ ಎಂದು ಅವನು ಮತ್ತೆ ಕೇಳಿದ. ಎಲ್ಲ ಥರದ್ದೂ ಎಂದಳು. ಹೊರೆ ಏನಾದರೂ ಇರುತ್ತದೆಯೇ ಎಂದ. ಇಪ್ಪತ್ತೈದು ಕಿಲೋ ತಡೆಯುವ ಕ್ಯಾರಿಯರ್ ಬೇಕು ಎಂದಳು. ಯಜಮಾನ ಕನ್ನಡಕವನ್ನು ಹಣೆಗೇರಿಸಿ ಅವಳನ್ನು ಒಂದು ಗಳಿಗೆ ನೋಡಿದ. ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೂ ಅವಳಿಗೆ ಸರಿಬೀಳಲಿಲ್ಲ.

ಅವಳು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಹದಿನಾಲ್ಕು ವರ್ಷದಿಂದ ಅಂಗಡಿ, ಗೋದಾಮು, ಗಿರಣಿಗಳ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು, ಸರಿಯಿಲ್ಲದ್ದಕ್ಕೆ ತಂತಿ ಬಿಗಿದು ಸೀಸದ ಸೀಲು ಹಾಕುವುದು ಅವಳ ಕೆಲಸ. ಊರವರಿಗೆ ಅವಳು ತೂಕದಮ್ಮ. ಅವಳು ಬೀದಿಗೆ ಕಾಲಿಟ್ಟರೆ ತರಕಾರಿಯವರ ತೂಕದ ಬಟ್ಟುಗಳು ತಾವಾಗಿಯೇ ಭಾರವಾಗುತ್ತವೆ ಎಂದು ಜನ ನಗುತ್ತಿದ್ದರು.

ಆ ನಗೆಯ ಮಾತು ನಿಜವಾಗಿದ್ದದ್ದು ಕಲ್ಲಿನ ಕ್ವಾರಿಯಲ್ಲಿ. ಅಲ್ಲಿ ಜಲ್ಲಿ ಒಡೆಯುವವರಿಗೆ ಕೈಗಾಡಿಯ ತೂಕದ ಮೇಲೆ ಕೂಲಿ. ಗಾಡಿಗಳನ್ನು ತೂಗುವ ಒಂದು ಟನ್ನಿನ ಹಲಗೆ-ತಕ್ಕಡಿಯನ್ನು ಅವಳು ಎರಡು ವರ್ಷದಲ್ಲಿ ಮೂರು ಸಲ ಪರೀಕ್ಷಿಸಿದ್ದಳು. ಮೂರು ಸಲವೂ ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಅಷ್ಟು ಚೊಕ್ಕವಾದ ತಕ್ಕಡಿ ಅವಳ ಸ್ವಂತ ಆಫೀಸಿನಲ್ಲೂ ಇರಲಿಲ್ಲ. ಹೋದ ತಿಂಗಳು ಸಹಿಯಿಲ್ಲದ ಒಂದು ಕಾಗದ ಬಂದಿತ್ತು. ಅದರಲ್ಲಿ ಒಂದೇ ಸಾಲು: ನೀವು ಬರುವ ದಿನ ಮಾತ್ರ ನಮ್ಮ ಕಲ್ಲು ಭಾರವಾಗಿರುತ್ತದೆ.

ಅಂದರೆ ಅವಳು ಬರುವುದು ಅವರಿಗೆ ಮೊದಲೇ ಗೊತ್ತಾಗುತ್ತಿತ್ತು. ಯಾರಿಂದ? ಅವಳ ಸಂಶಯ ಜೀಪಿನ ಡ್ರೈವರಿನ ಮೇಲೆ ಕೂತಿತ್ತು. ಸ್ಟೀರಿಂಗಿನ ಹಿಂದೆ ಗುನುಗುತ್ತ ಕೂರುವವನು, ನಿಂತಲ್ಲೆಲ್ಲ ಫೋನು ತೆಗೆಯುವವನು, ಪ್ರತಿ ಸಲವೂ ಹಲ್ಲು ಬಿಟ್ಟು "ಮೇಡಂ, ಇವತ್ತು ಕ್ವಾರಿಗಾ?" ಎನ್ನುವವನು. ಈ ಶನಿವಾರದೊಳಗೆ ಆ ತಕ್ಕಡಿಗೆ ವಾರ್ಷಿಕ ಮುದ್ರೆ ಬೀಳಬೇಕು. ಒಮ್ಮೆ ಅವಳು ಒತ್ತಿದಳೆಂದರೆ ಇನ್ನೊಂದು ವರ್ಷ ಅದನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ. ಆ ವರ್ಷವಿಡೀ ಒಡೆಯುವ ಕಲ್ಲಿಗೆಲ್ಲ ಅವಳ ಮುದ್ರೆಯೇ ಸಾಕ್ಷಿ. ಆದ್ದರಿಂದ ಜೀಪಿಲ್ಲದೆ, ಡ್ರೈವರಿಲ್ಲದೆ, ಯಾರಿಗೂ ಹೇಳದೆ ಹೋಗಬೇಕು. ಆರು ಕಿಲೋಮೀಟರು ಡಾಂಬರು, ಆಮೇಲೆ ನಾಲ್ಕು ಕಿಲೋಮೀಟರು ಲಾರಿಗಳು ಕಿತ್ತುಹಾಕಿದ ಕಲ್ಲುದಾರಿ. ಯಾವ ದಾರಿ ಎಂದು ಹೇಳಲಾಗದ್ದಕ್ಕೇ ಅವಳಿಗೆ ಎಲ್ಲ ದಾರಿಗೂ ಆಗುವ ಸೈಕಲ್ಲು ಬೇಕಾಗಿತ್ತು.

ಯಜಮಾನ ಮೂರು ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದ. ತೆಳುಟೈರಿನದು ಡಾಂಬರಿನ ಮೇಲೆ ಬಾಣದ ಹಾಗೆ ಹೋಗುತ್ತದೆ, ಕಲ್ಲು ಕಂಡರೆ ಕಣ್ಣೀರಿಡುತ್ತದೆ. ದಪ್ಪಟೈರಿನದಕ್ಕೆ ಮುಂದೆ ಶಾಕ್ ಅಬ್ಸಾರ್ಬರ್ ಇದೆ, ಬಂಡೆಯ ಮೇಲೂ ಇಳಿಸಬಹುದು, ಆದರೆ ಸಮರಸ್ತೆಯಲ್ಲಿ ನೀವು ತುಳಿದದ್ದರಲ್ಲಿ ಕಾಲುಭಾಗ ಆ ಸ್ಪ್ರಿಂಗೇ ತಿಂದುಹಾಕುತ್ತದೆ, ಭಾರವೂ ಜಾಸ್ತಿ. ಮೂರನೆಯದು ಇವೆರಡರ ನಡುವಿನದು. ಬೂದು ಬಣ್ಣ, ಶಾಕ್ ಇಲ್ಲದ ನೇರ ಫೋರ್ಕು, ಸಾಧಾರಣ ಅಗಲದ ಟೈರು, ಏರಿಗೆ ಸಾಕಷ್ಟು ಇಳಿಯುವ ಗೇರು, ಹಿಂದೆ ಕ್ಯಾರಿಯರ್ ಕೂರಿಸಲು ಚೌಕಟ್ಟಿನಲ್ಲೇ ತೂತುಗಳು. ಯಾವುದರಲ್ಲೂ ಮೊದಲನೆಯದಲ್ಲ, ಯಾವುದರಲ್ಲೂ ಕೈಕೊಡುವುದೂ ಇಲ್ಲ ಎಂದ.

ಅವಳು ದಪ್ಪಟೈರಿನದನ್ನು ಕೈತೋರಿಸಿದಳು. ಅದೇ ಎಲ್ಲಕ್ಕಿಂತ ದುಬಾರಿಯದು. ಯಜಮಾನ ಬೇಡ ಎಂದುಬಿಟ್ಟ. ದುಬಾರಿಯದನ್ನು ಬೇಡ ಎನ್ನುವ ವ್ಯಾಪಾರಿಯನ್ನು ಅವಳು ಹದಿನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಬೂದುಬಣ್ಣದ್ದನ್ನೇ ಯಾಕೆ ತಲೆಗೆ ಕಟ್ಟುತ್ತಿದ್ದಾನೆ? ಎಲ್ಲೋ ಬಿದ್ದು ಬಗ್ಗಿದ್ದನ್ನು ತಟ್ಟಿ ಬಣ್ಣ ಹೊಡೆದಿರಬಹುದೇ? ಅವಳು ಕೈಚೀಲದಿಂದ ಕ್ಯಾಲಿಪರ್ ತೆಗೆದಳು.

ಟೈರಿನ ಮೇಲೆ ನಲವತ್ತು ಎಂದು ಬರೆದಿತ್ತು. ಅಳತೆಗೆ ಸಿಕ್ಕಿದ್ದು ಮೂವತ್ತೇಳು ಮಿಲಿಮೀಟರು.

"ಮೂರು ಕಡಿಮೆ ಇದೆ," ಎಂದಳು. ಆ ದನಿ ಕೇಳಿ ಎಷ್ಟೋ ಅಂಗಡಿಯವರು ಬೆವರಿದ್ದರು.

ಯಜಮಾನ ಬೆವರಲಿಲ್ಲ. ರಿಮ್ಮು ಕಿರಿದಾದರೆ ಟೈರು ಅಷ್ಟು ಅರಳುವುದಿಲ್ಲ, ಗಾಳಿ ಹೆಚ್ಚು ಕಡಿಮೆ ಆದ ಹಾಗೆ ಅಗಲವೂ ಬದಲಾಗುತ್ತದೆ ಎಂದು ವಿವರಿಸಿದ. ಆಮೇಲೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ, "ಅಂಕೆ ಬಿಡಿ ಅಮ್ಮ. ಟೈರನ್ನ ಹೆಬ್ಬೆರಳಲ್ಲಿ ಅಳೀಬೇಕು," ಎಂದ.

ಹೆಬ್ಬೆರಳು! ತಕ್ಕಡಿಯ ತಟ್ಟೆಯ ಅಂಚಿಗೆ ಹೆಬ್ಬೆರಳು ತಾಗಿಸಿ ತೂಗುವವರನ್ನು ಹಿಡಿಯುವುದರಲ್ಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ನೋಡಿ ಹೇಳುತ್ತೇನೆ ಎಂದು ಹೊರಟುಬಂದಳು.

ಮುಖ್ಯರಸ್ತೆಯ ದೊಡ್ಡ ಷೋರೂಮಿಗೂ ಹೋದಳು. ಅಲ್ಲಿನ ಟೈ ಕಟ್ಟಿದ ಮಾರಾಟಗಾರ ಎಲ್ಲಿ ಓಡಿಸುತ್ತೀರಿ ಎಂದು ಕೇಳಲೇ ಇಲ್ಲ. ಅದರಿಂದ ಅವಳಿಗೆ ಸಮಾಧಾನವಾಗಬೇಕಿತ್ತು. ಆದರೆ ಅವನು ತೋರಿಸಿದ್ದೆಲ್ಲ ಶಾಕ್ ಇದ್ದವೇ, ಇದರಲ್ಲಿ ಪರ್ವತ ಹತ್ತಬಹುದು ಮೇಡಂ ಎಂದ. ಕ್ಯಾರಿಯರ್ ಎಂದರೆ ಮುಖ ಕಿವುಚಿದ. ಪರ್ವತಕ್ಕೆ ಹೋಗುವವರು ಸಾಮಾನು ಹೊರುವುದಿಲ್ಲವಂತೆ.

ಮನೆಯಲ್ಲಿ ಅತ್ತೆಗೂ ಅವಳು ಪಾರ್ಕಿನ ಕತೆಯನ್ನೇ ಹೇಳಿದಳು. ಅತ್ತೆ ಬಟ್ಟೆ ಮಡಿಸುತ್ತಿದ್ದವರು ತಲೆಯೆತ್ತಿದರು. ಆಫೀಸಿನ ಜೀಪು ಮನೆಬಾಗಿಲಿಗೆ ಬರುವಾಗ ನಲವತ್ತು ದಾಟಿದ ಮೇಲೆ ಸೈಕಲ್ಲು ಯಾಕೆ, ಮಂಡಿಗೆ ಬುದ್ಧಿ ಇಲ್ಲವೇ ಎಂದು ಕೇಳಿದರು. ಎರಡು ದಿನವಾದರೂ ಸೊಸೆ ಯಾವ ಸೈಕಲ್ಲೆಂದು ತೀರ್ಮಾನಿಸದೆ ಕಾಗದದ ಮೇಲೆ ಗೀಟು ಹಾಕುತ್ತ ಕೂತದ್ದನ್ನು ನೋಡಿ, "ಪಾಪ, ನನ್ನ ಮಗನೇ ವಾಸಿ. ಅವನನ್ನ ನೀನು ಬರೀ ಎರಡು ಸಲ ತೂಗಿ ನೋಡಿ ಒಪ್ಪಿಕೊಂಡೆ," ಎಂದರು.

ಬುಧವಾರ ಬೆಳಿಗ್ಗೆ ಮತ್ತೆ ಚಿಕ್ಕ ಅಂಗಡಿಗೇ ಹೋದಳು. ಬೇರೆ ದಾರಿಯಿರಲಿಲ್ಲ. ಬೂದು ಸೈಕಲ್ಲನ್ನು ತಲೆಕೆಳಗು ಮಾಡಿಸಿದಳು. ಬೆಸುಗೆಗಳ ಮೇಲೆಲ್ಲ ಬೆರಳಾಡಿಸಿದಳು. ಚಕ್ರ ತಿರುಗಿಸಿ ಬ್ರೇಕಿನ ಪಕ್ಕದಲ್ಲಿ ಕಣ್ಣಿಟ್ಟು ಓಲಾಟವಿದೆಯೇ ನೋಡಿದಳು. ಯಜಮಾನ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿ, ಕಾಲು ಪೆಡಲಿನ ಕೆಳತುದಿಗೆ ಹೋದಾಗ ಮಂಡಿ ಎಷ್ಟು ಬಾಗುತ್ತದೆ ನೋಡಿ, ಸೀಟನ್ನು ಎರಡು ಬೆರಳು ಏರಿಸಿದ. ತಪ್ಪು ಒಂದೂ ಸಿಗಲಿಲ್ಲ. ತಪ್ಪು ಸಿಗದಿದ್ದರೆ ಅವಳಿಗೆ ಇನ್ನಷ್ಟು ಕಳವಳ.

ಆಗಲೇ ಅವಳ ಕಣ್ಣು ಮೇಜಿನ ಮೂಲೆಗೆ ಹೋಯಿತು. ಪಂಪಿನ ಪಕ್ಕದಲ್ಲಿ ಒಂದು ಸ್ಟೀಲಿನ ಫ್ಲಾಸ್ಕು, ಕೆಂಪು ಮುಚ್ಚಳ, ಸೊಂಟದಲ್ಲಿ ತಗ್ಗು. ಆ ತಗ್ಗನ್ನು ಅವಳು ಜೀಪಿನ ಮುಂದಿನ ಸೀಟಿನಲ್ಲಿ ದಿನವೂ ನೋಡುತ್ತಿದ್ದಳು.

"ಫ್ಲಾಸ್ಕು ಚೆನ್ನಾಗಿದೆ," ಎಂದಳು, ಆದಷ್ಟು ಸಹಜವಾಗಿ.

"ನಮ್ಮ ಅಳಿಯಂದು. ನಿಮ್ಮ ಜೀಪು ಓಡಿಸ್ತಾನಲ್ಲ, ಅವನೇ. ಮರೆತು ಹೋಗಿದ್ದಾನೆ. ತಲೆ ಒಂದು ಕತ್ತಿಗೆ ಅಂಟಿದೆ, ಇಲ್ಲದಿದ್ರೆ ಅದನ್ನೂ ಇಲ್ಲೇ ಬಿಟ್ಟು ಹೋಗೋನು."

ಅಂದರೆ ತಾನು ಯಾರೆಂದು ಇವನಿಗೆ ಮೊದಲ ದಿನದಿಂದಲೂ ಗೊತ್ತು. ಮಾವ ಕೇಳಿದ ಪ್ರಶ್ನೆಗಳೆಲ್ಲ ಅಳಿಯನ ಕಿವಿಗೆ ಹೋಗಿ, ಅಲ್ಲಿಂದ ಕ್ವಾರಿಗೆ ತಲುಪಿರಬೇಕು. ಎದ್ದು ಹೋಗಿಬಿಡೋಣವೆಂದುಕೊಂಡಳು. ಆದರೆ ಶನಿವಾರಕ್ಕೆ ಉಳಿದದ್ದು ಮೂರೇ ದಿನ, ಕ್ಯಾರಿಯರ್ ಹೊರುವ ಸೈಕಲ್ಲು ಇದೊಂದೇ. ಸಂಶಯವನ್ನು ನುಂಗಿಕೊಂಡು ನಗುಮುಖ ಮಾಡಿದಳು. ಶನಿವಾರ ಸಂಜೆ ಪಾರ್ಕಿನಲ್ಲಿ ಒಂದು ಸುತ್ತು ಹೊಡೆದು ನೋಡುತ್ತೇನೆ ಎಂದು ಎರಡೆರಡು ಸಲ ಹೇಳಿ ಸೈಕಲ್ಲು ಕೊಂಡಳು. ಹೋಗಬೇಕೆಂದಿದ್ದದ್ದು ಗುರುವಾರ.

ಮಧ್ಯಾಹ್ನ ಊಟಕ್ಕೆ ಆಫೀಸು ಖಾಲಿಯಾದಾಗ ಸೈಕಲ್ಲನ್ನು ಒಳಗೆ ತಂದು ದೊಡ್ಡ ತಕ್ಕಡಿಯ ಮೇಲೆ ಹತ್ತಿಸಿದಳು. ಕ್ವಾರಿಯ ತಕ್ಕಡಿ ಒಂದು ಟನ್ನಿನದು; ಹತ್ತಿಪ್ಪತ್ತು ಕಿಲೋ ಇಟ್ಟರೆ ಅದರ ಮುಳ್ಳು ಕದಲಿದ್ದೂ ತಿಳಿಯುವುದಿಲ್ಲ. ಪ್ರತಿ ಸಲ ಜೀಪಿನಲ್ಲಿ ಅರ್ಧ ಟನ್ನು ಬಟ್ಟುಗಳನ್ನು ಒಯ್ಯುತ್ತಿದ್ದಳು. ಈ ಸಲ ಸೈಕಲ್ಲು, ಕ್ಯಾರಿಯರ್, ಹತ್ತು ಕಿಲೋದ ಎರಡು ಬಟ್ಟುಗಳಿದ್ದ ಮರದ ಪೆಟ್ಟಿಗೆ, ಪಂಪು, ಅವುಗಳ ಜೊತೆಗೆ ತಾನೇ ಹತ್ತಿ ನಿಂತಳು. ನೂರಕ್ಕೆ ಒಂದು ಕಿಲೋ ಚಿಲ್ಲರೆ ಕಡಿಮೆ ಬಂತು. ನೀರಿನ ಬಾಟಲಿಯನ್ನು ಸ್ವಲ್ಪಸ್ವಲ್ಪವೇ ತುಂಬಿಸುತ್ತ ಹೋದಳು. ಮುಳ್ಳು ನೂರಕ್ಕೆ ನಿಂತ ಕಡೆ ಬಾಟಲಿಯ ಮೇಲೆ ಗೆರೆ ಎಳೆದಳು. ಎಲ್ಲರನ್ನೂ ಅಳೆಯುತ್ತಿದ್ದವಳು ಈಗ ತಾನೇ ಒಂದು ಬಟ್ಟಾಗಿದ್ದಳು.

ಗುರುವಾರ ಬೆಳಿಗ್ಗೆ ಗಂಡ ಕೆಲಸಕ್ಕೆ ಹೊರಟ ಮೇಲೆ ಸೈಕಲ್ಲಿನ ಬಳಿ ಬಂದು ಟೈರಿಗೆ ಗಾಳಿ ಅಳೆಯುವ ಮೀಟರು ಹಚ್ಚಿದಳು. ಮೂವತ್ತೈದು. ಟೈರಿನ ಪಕ್ಕೆಯಲ್ಲಿ ಗರಿಷ್ಠ ಎಪ್ಪತ್ತು ಪೌಂಡು ಎಂದು ಅಚ್ಚಾಗಿತ್ತು. ಎರಡನೆಯ ಟೈರೂ ಮೂವತ್ತೈದು. ಎಪ್ಪತ್ತು ಬರೆದ ಕಡೆ ಮೂವತ್ತೈದು ಇದ್ದರೆ ಅವಳ ಇಲಾಖೆಯಲ್ಲಿ ಅದಕ್ಕೆ ಒಂದೇ ಹೆಸರು. ಅರ್ಧಕ್ಕರ್ಧ ಮೋಸ! ಹೊರಟವಳು ದಾರಿಯಲ್ಲೇ ಸುಸ್ತಾಗಿ ವಾಪಸಾಗಲಿ ಎಂದೇ ಗಾಳಿ ಇಳಿಸಿದ್ದಾನೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಹಲ್ಲು ಕಚ್ಚಿ ಪಂಪು ಹೊಡೆದಳು. ಎಪ್ಪತ್ತು ಎಂದರೆ ಎಪ್ಪತ್ತು.

ಅತ್ತೆ ಬಾಗಿಲಲ್ಲಿ ನಿಂತು, ಪಾರ್ಕಿಗೆ ಕಬ್ಬಿಣದ ಬಟ್ಟು ಯಾಕೆ ಎಂದು ಕೇಳಿದರು. ತೋಳಿನ ವ್ಯಾಯಾಮಕ್ಕೆ ಎಂದಳು.

ಡಾಂಬರಿನ ಮೇಲೆ ಸೈಕಲ್ಲು ತೇಲಿಕೊಂಡು ಹೋಯಿತು. ಅಷ್ಟು ಭಾರ ಹೊತ್ತಿದ್ದರೂ ಆರು ಕಿಲೋಮೀಟರು ಹೋದದ್ದೇ ಗೊತ್ತಾಗಲಿಲ್ಲ. ಅವಳು ಆಗಾಗ ಹಿಂದಿರುಗಿ ನೋಡುತ್ತಿದ್ದಳು. ಒಂದು ಮೋಟರ್‌ಬೈಕು ಬಹಳ ಹೊತ್ತು ಹಿಂದೆಯೇ ಬಂದಂತೆ ಅನಿಸಿ, ಇಳಿದು ಚೈನು ನೋಡುವವಳ ಹಾಗೆ ನಿಂತಳು. ಅದು ಮುಂದೆ ಹೋಯಿತು. ಅದರ ಹಿಂದಿನ ಸೀಟಿನಲ್ಲಿ ಕೋಳಿಗಳಿದ್ದವು.

ಡಾಂಬರು ಮುಗಿದು ಕಲ್ಲುದಾರಿ ಶುರುವಾದದ್ದೇ ತಡ, ಸೈಕಲ್ಲಿಗೆ ಹುಚ್ಚು ಹಿಡಿಯಿತು. ಬಿಗಿದ ಟೈರು ಪ್ರತಿ ಕಲ್ಲಿಗೂ ಚೆಂಡಿನಂತೆ ಪುಟಿಯಿತು. ಹ್ಯಾಂಡಲ್ಲು ಕೈಯೊಳಗೆ ನಿಲ್ಲಲೊಲ್ಲದು. ಹಲ್ಲಿಗೆ ಹಲ್ಲು ಕಟಕಟ ಬಡಿಯಿತು. ಬೈದುಕೊಳ್ಳುತ್ತಲೇ ಒಂದೂವರೆ ಕಿಲೋಮೀಟರು ಹೋದಳು. ಸಣ್ಣ ಇಳಿಜಾರಿನಲ್ಲಿ ಮುಂದಿನ ಚಕ್ರ ದುಂಡುಕಲ್ಲೊಂದರ ಮೇಲಿಂದ ಜಾರಿ, ಸೈಕಲ್ಲೊಂದು ಕಡೆ, ಅವಳೊಂದು ಕಡೆ, ಬಟ್ಟಿನ ಪೆಟ್ಟಿಗೆ ಇನ್ನೊಂದು ಕಡೆ ಬಿದ್ದವು.

ಮಂಡಿ ತರಚಿತ್ತು. ಬಾಟಲಿಯ ಮುಚ್ಚಳ ಹಾರಿ ನೀರು ಮಣ್ಣಿಗೆ ಇಂಗುತ್ತಿತ್ತು. ಅವಳು ಮೊದಲು ನೋಡಿದ್ದು ಬಟ್ಟುಗಳನ್ನು. ಅವುಗಳಿಗೆ ಏನೂ ಆಗಿರಲಿಲ್ಲ. ಆಮೇಲೆ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಕಲ್ಲಿನಂತೆ ಗಟ್ಟಿಯಾಗಿದ್ದ ಟೈರಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಳು. ನಿಂತವಳಿಗೆ ಒಂದು ವಿಚಾರ ನಿಧಾನವಾಗಿ ಹೊಳೆಯಿತು. ಮೆದು ಟೈರು ಡಾಂಬರಿಗೆ ಬೇಕಾದದ್ದಲ್ಲ. ಪಾರ್ಕಿಗೂ ಅಲ್ಲ. ಅದು ಈ ದಾರಿಗೆ ಬೇಕಾದದ್ದು. ಹಾಗಾದರೆ ಗಾಳಿ ಇಳಿಸಿದವನಿಗೆ ಅವಳು ಎಲ್ಲಿಗೆ ಹೊರಟವಳೆಂದು ಗೊತ್ತಿತ್ತು.

ಗೊತ್ತಿದ್ದವನು ಅಳಿಯನಿಗೆ ಹೇಳಿರುತ್ತಾನೆ. ಹೇಳಿರದೆ ಇರುತ್ತಾನೆಯೇ? ಆದರೆ ತಾನು ಬೀಳಲೆಂದು ಬಯಸುವವನು ಬೀಳದ ಹಾಗೆ ಟೈರು ಯಾಕೆ ಹದ ಮಾಡಿಕೊಟ್ಟ? ಲೆಕ್ಕ ಎರಡೂ ಕಡೆ ಕೂಡಿ ಬರಲಿಲ್ಲ. ಮೀಟರು ಬಿದ್ದ ರಭಸಕ್ಕೆ ಗಾಜೊಡೆದು ಮುಳ್ಳು ಒಂದೇ ಕಡೆ ಕಚ್ಚಿಕೊಂಡಿತ್ತು. ಅವಳು ಆ ಕಡೆ ಈ ಕಡೆ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಏನೋ ಮಾಡಬಾರದ್ದನ್ನು ಮಾಡುವವಳ ಹಾಗೆ, ವಾಲ್ವಿನಿಂದ ಗಾಳಿ ಬಿಡುತ್ತ ಟೈರನ್ನು ಹೆಬ್ಬೆರಳಿನಿಂದ ಒತ್ತಿದಳು. ಇನ್ನೂ ಗಟ್ಟಿ. ಬಿಟ್ಟಳು, ಒತ್ತಿದಳು. ಬೆರಳು ಸ್ವಲ್ಪ ಒಳಗಿಳಿದು ಮತ್ತೆ ಎದುರೊತ್ತಿತು. ಸಾಕು ಎಂದು ಬೆರಳೇ ಹೇಳಿತು.

ಉಳಿದ ದಾರಿಯಲ್ಲಿ ಟೈರು ಕಲ್ಲುಗಳನ್ನು ತಬ್ಬಿಕೊಂಡು ಹೋಯಿತು.

ಕ್ವಾರಿಯ ಗೇಟಿನಲ್ಲಿ ಯಾರೂ ಅವಳನ್ನು ಗಮನಿಸಲಿಲ್ಲ. ಜೀಪು ಬಂದರೆ ಓಡಿಬರುವ ಕಾವಲುಗಾರ ಸೈಕಲ್ಲಿನ ಕಡೆ ತಲೆಯೂ ಎತ್ತಲಿಲ್ಲ. ತಕ್ಕಡಿಯ ಪಕ್ಕದಲ್ಲಿ ಜಲ್ಲಿಯ ಗಾಡಿ ನಿಲ್ಲಿಸಿಕೊಂಡಿದ್ದ ಒಬ್ಬ ಹೆಂಗಸಿನ ಬಳಿ ಹೋಗಿ ನೀರು ಕೇಳಿದಳು. ಆ ಹೆಂಗಸು ಅವಳ ಮಂಡಿ ನೋಡಿ ತನ್ನ ಕೊಡವನ್ನು ಬಗ್ಗಿಸಿದಳು. ಮಂಡಿಗಲ್ಲ, ಬಾಟಲಿಗೆ, ಈ ಗೆರೆಯ ತನಕ ಎಂದಾಗ ತಲೆ ಕೆಟ್ಟವಳೆಂದುಕೊಂಡಿರಬೇಕು. ಆದರೂ ಗೆರೆಯ ತನಕವೇ ಹುಯ್ದಳು. ತೂಕದಮ್ಮ ಸೈಕಲ್ಲು, ಪೆಟ್ಟಿಗೆ, ಬಾಟಲಿಯ ಸಮೇತ ಹಲಗೆಯ ಮೇಲೆ ಹತ್ತಿ ನಿಂತಳು.

ಮುಳ್ಳು ಏರಿತು, ನಡುಗಿತು, ತೊಂಬತ್ತೊಂದಕ್ಕೆ ನಿಂತಿತು.

ನೂರಕ್ಕೆ ಒಂಬತ್ತು ಕಡಿಮೆ. ಆ ಹೆಂಗಸು ಹನ್ನೊಂದು ಗಾಡಿ ಕಲ್ಲು ಒಡೆದರೆ ಹತ್ತಕ್ಕೆ ಕೂಲಿ. ತೂಕದಮ್ಮ ಇಳಿದು ಮತ್ತೆ ಹತ್ತಿದಳು. ಮತ್ತೆ ತೊಂಬತ್ತೊಂದು. ಚೀಲದಿಂದ ಸೀಲಿನ ತಂತಿ, ಸೀಸ, ಇಕ್ಕುಳ ತೆಗೆಯುವಷ್ಟರಲ್ಲಿ ತೂಕದ ಗುಮಾಸ್ತ ಒಳಗಿನಿಂದ ಓಡಿಬಂದ. ಅವಳನ್ನು, ಸೈಕಲ್ಲನ್ನು, ಮತ್ತೆ ಗೇಟಿನಾಚೆಯ ಖಾಲಿ ದಾರಿಯನ್ನು ನೋಡಿದ. ಗಾಬರಿಯಲ್ಲಿ ಅವನ ಬಾಯಿಂದ ಮೊದಲು ಬಂದ ಮಾತು ಇದು:

"ಇವತ್ತು ಸಾಹೇಬ್ರು ಏನೂ ಹೇಳಲಿಲ್ಲವಲ್ಲ, ಮೇಡಂ?"

ಅವಳ ಕೈಯಲ್ಲಿದ್ದ ಇಕ್ಕುಳ ಅಲ್ಲೇ ನಿಂತಿತು. ಜೀಪು ಬೇಕಾದರೆ ಹಿಂದಿನ ದಿನವೇ ಒಂದು ಚೀಟಿ ಬರೆಯಬೇಕು. ಯಾವ ಊರು, ಯಾವ ಜಾಗ, ಎಷ್ಟು ಗಂಟೆಗೆ. ಅದಕ್ಕೆ ಸಹಿ ಹಾಕುವವರು ಅವಳ ಮೇಲಧಿಕಾರಿ, ಸಾಹೇಬರು. ಹದಿನಾಲ್ಕು ವರ್ಷ ಅವಳು ಚೀಟಿಯನ್ನು ಅಂದವಾದ ಅಕ್ಷರದಲ್ಲಿ ಬರೆದು ತಾನೇ ಅವರ ಮೇಜಿಗೆ ಕೊಟ್ಟುಬಂದಿದ್ದಳು. ಸಂಶಯಪಡಲು ಹುಟ್ಟಿದವಳಂತಿದ್ದ ಅವಳು ಆ ಕುರ್ಚಿಯೊಂದನ್ನು ಮಾತ್ರ ಯಾವತ್ತೂ ತೂಗಿ ನೋಡಿರಲಿಲ್ಲ.

ಏನೂ ಕೇಳಿಸದವಳ ಹಾಗೆ ತಂತಿ ಬಿಗಿದು ಸೀಸ ಒತ್ತಿದಳು. ನೋಟೀಸು ಬರೆದು ಗುಮಾಸ್ತನ ಸಹಿ ತೆಗೆದುಕೊಂಡಳು. ಗಾಡಿಯ ಹೆಂಗಸು ಸೀಲನ್ನೇ ನೋಡುತ್ತಿದ್ದವಳು, "ಹಾಗಾದ್ರೆ ಇವತ್ತು ನಮ್ಮ ಕಲ್ಲು ಎಷ್ಟು ಭಾರ?" ಎಂದಳು. ಆ ಕಾಗದ ಬರೆದವಳು ಇವಳೇ ಇರಬಹುದು, ಇಲ್ಲದಿರಬಹುದು. ತೂಕದಮ್ಮ ಕೇಳಲಿಲ್ಲ. ಇದ್ದಷ್ಟೇ ಭಾರ ಎಂದಳು.

ಊರಿಗೆ ಬಂದವಳು ಆಫೀಸಿಗೆ ಹೋಗಲಿಲ್ಲ. ಮೊದಲು ಅಂಚೆಕಚೇರಿಗೆ ಹೋಗಿ ವರದಿಯ ಒಂದು ಪ್ರತಿಯನ್ನು ಮೇಲಿನ ಕಚೇರಿಗೆ ರಿಜಿಸ್ಟರ್ ಮಾಡಿದಳು. ಇನ್ನು ಸಾಹೇಬರ ಮೇಜಿನ ಮೇಲೆ ಅದು ಎಷ್ಟು ದಿನ ಮಲಗಿದರೂ ಚಿಂತೆಯಿಲ್ಲ. ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು ಚಿಕ್ಕ ಅಂಗಡಿಗೆ ಬಂದಳು.

ಯಜಮಾನ ಅವಳ ಮಂಡಿಯನ್ನೂ ಒಡೆದ ಮೀಟರನ್ನೂ ನೋಡಿದ.

"ಎಪ್ಪತ್ತು ತುಂಬಿಸಿದ್ರಾ?"

ಅವಳು ಹೌದೆಂದು ತಲೆಯಾಡಿಸಿದಳು. ಅವನು ನಗಲಿಲ್ಲ. ಅದೇ ದೊಡ್ಡ ಉಪಕಾರವಾಯಿತು. ಬಾಗಿಕೊಂಡ ಹ್ಯಾಂಡಲ್ಲನ್ನು ಮಂಡಿಗಳ ನಡುವೆ ಚಕ್ರ ಹಿಡಿದು ನೇರ ಮಾಡುತ್ತ ಅವನಾಗಿಯೇ ಹೇಳಿದ. ಪಾರ್ಕಿಗೆ ಇಪ್ಪತ್ತೈದು ಕಿಲೋ ಹೊತ್ತುಕೊಂಡು ಹೋಗುವವರನ್ನು ತಾನು ಈವರೆಗೆ ಕಂಡಿಲ್ಲ. ತೂಕದಮ್ಮ ಜೀಪು ಬಿಟ್ಟು ಸೈಕಲ್ಲು ಹತ್ತುತ್ತಾರೆ ಎಂದರೆ ಎಲ್ಲಿಗೆಂದು ಊಹಿಸಲು ಬಹಳ ಓದಿರಬೇಕಿಲ್ಲ. ಅಳಿಯನಿಗೆ ಹೇಳಿದಿರಾ ಎಂದು ಅವಳು ಕೇಳಿಯೇಬಿಟ್ಟಳು.

"ಹೇಳೋನಾಗಿದ್ರೆ ಗಾಳಿ ಯಾಕೆ ಇಳಿಸ್ತಿದ್ದೆ?" ಎಂದ ಯಜಮಾನ. "ಅವನಿಗೂ ಬೇಜಾರಾಗಿದೆ ಅಮ್ಮ. ಮೇಡಂ ನನ್ನ ಫೋನನ್ನೇ ನೋಡ್ತಿರ್ತಾರೆ ಅಂತಾನೆ. ಅವನು ಮಾತಾಡೋದು ನನ್ನ ಮಗಳ ಹತ್ರ. ಆರು ತಿಂಗಳ ಬಸುರಿ ಅವಳು."

ಅವಳು ಮೇಜಿನ ಮೇಲಿದ್ದ ತಗ್ಗಾದ ಫ್ಲಾಸ್ಕನ್ನು ಎತ್ತಿಕೊಂಡು, ಇದನ್ನು ನಾನೇ ತಲುಪಿಸುತ್ತೇನೆ ಎಂದಳು. ಕ್ಯಾಲಿಪರಿನ ಪಕ್ಕದಲ್ಲಿ ಚೀಲಕ್ಕೆ ಹಾಕಿಕೊಂಡಳು.

ಯಜಮಾನ ಚಕ್ರವನ್ನು ಒಮ್ಮೆ ತಿರುಗಿಸಿ ನಿಲ್ಲಿಸಿದ. ಆಮೇಲೆ, ಮೊದಲ ದಿನ ಕೇಳಿದ ದನಿಯಲ್ಲೇ, "ಇನ್ನು ಮುಂದೆ ಎಲ್ಲಿ ಓಡಿಸ್ತೀರಮ್ಮ?" ಎಂದ.

ಅವಳು ಬಾಗಿಲ ಕಡೆ ತಿರುಗಿ ನೋಡಿದಳು. ಬೀದಿಯಲ್ಲಿ ಯಾರೂ ನಿಂತಿರಲಿಲ್ಲ. ಆದರೂ ದನಿ ತಗ್ಗಿಸಿದಳು.

"ಹೊಳೆಯಾಚೆ ಮರಳು ತೂಗ್ತಾರಲ್ಲ, ಅಲ್ಲಿಗೆ. ಬುಧವಾರ."

ಹೇಳಿದ ಜಾಗ ನಿಜವಾದದ್ದೇ. ಹೋಗಬೇಕೆಂದಿದ್ದದ್ದು ಮಾತ್ರ ಮಂಗಳವಾರ.

ಮರಳಿಗಾದರೆ ಇನ್ನೂ ಮೆದು ಬೇಕು ಎಂದುಕೊಳ್ಳುತ್ತ ಯಜಮಾನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು, ಅವಳ ಮುಖ ನೋಡದೆಯೇ, "ಹಾಗಾದ್ರೆ ಸೋಮವಾರವೇ ಬಂದುಬಿಡಿ, ಗಾಳಿ ಇಳಿಸಿಕೊಡ್ತೀನಿ," ಎಂದ.